ಎಂದೂ ನಡೆಯದ ಡಿಕ್ಕಿ

ಟಕ್... ಟಕ್... ಟಕ್!

ಕರೆಗಂಟೆಯಿದ್ದರೂ ಬೆರಳಿನ ಗೆಣ್ಣಿನಿಂದ ಮೂರು ಸಲ ಕದ ಕುಟ್ಟುವವನು ಒಬ್ಬನೇ. ಬಂಡೆಯನ್ನೂ ಅವನು ಹಾಗೆಯೇ ಕುಟ್ಟಿ ನೋಡುತ್ತಿದ್ದ.

ತಮಿಳು ಸೀಮೆಯ ಮಾಧವರಂನ ಆ ಮನೆಯ ಒಳಕೋಣೆಯಲ್ಲಿ ಸಂಹಿತಾಳ ಪೆನ್ನು ನಿಂತಿತು. ಮೂರು ವರ್ಷಗಳ ಮೇಲೆ, ರಾತ್ರಿ ಎಂಟೂವರೆಗೆ... ಏಕೆ?

ಬಾಗಿಲು ತೆರೆದವರು ಅಜ್ಜಿ ರಮಾಬಾಯಿ.

“ಸಂಹಿತಾ ಇದ್ದಾರಾ ಅಜ್ಜಿ?”

“ಇಲ್ಲೇ!”

ಹೆಜ್ಜೆಗಳು ಸರಸರನೆ ಮೆಟ್ಟಿಲಿಳಿದ ಸದ್ದು.

“ಅಯ್ಯೋ ಕಡವುಳೇ! ಇದ್ದಾಳೆ ಅಂತ ಹೇಳ್ತಿದ್ರೆ ಎಲ್ಲೋ ಓಡ್ತಿ? ಉಳ್ಳೆ ವಾ, ಒಳಗೆ ಬಾ, ಕಾಪಿ ಹಾಕ್ತೇನೆ!”

ತೇಜಸ್ ಒಳಗೆ ಬಂದ. ಬೆನ್ನಿಗೆ ಚೀಲ, ಕಿವಿಯ ಬಳಿ ಒಂದೆರಡು ನರೆ. ಒಳಕೋಣೆಯಿಂದ ಬಂದ ಸಂಹಿತಾ ಅವನಿಗೆ ಕುಳಿತುಕೊಳ್ಳಿ ಎನ್ನಲಿಲ್ಲ.

“ಒಂಬತ್ತೂವರೆಗೆ ಹೈದರಾಬಾದಿನ ಬಸ್ಸು. ಇದನ್ನು ಕೊಟ್ಟು ಹೋಗುತ್ತೇನೆ,” ಎಂದು ಒಂದು ಹಾಳೆ ಚಾಚಿದ.

ಹಾಳೆಯ ಮೇಲೆ ನಾಮಕ್ಕಲ್ ಬಳಿಯ ಅದೇ ಬಂಡೆ! ಎರಡು ಭೂಖಂಡಗಳು ಡಿಕ್ಕಿ ಹೊಡೆದು ಬೆಸೆದುಕೊಂಡ ಕಾಲವನ್ನು ಹುಡುಕುತ್ತ ಇಬ್ಬರೂ ಸೇರಿ ಒಡೆದದ್ದು. ಉತ್ತರ ಬಂದದ್ದು ನೂರೈವತ್ತು ಕೋಟಿ ವರ್ಷ. ಸುತ್ತಲಿನ ಯಾವ ಬಂಡೆಯೂ ಅದನ್ನು ಒಪ್ಪಿರಲಿಲ್ಲ.

“ತಪ್ಪಿದ್ದು ಎಲ್ಲಿ ಗೊತ್ತೇ? ಬಂಡೆಯೊಳಗಿನ ಜಿರ್ಕಾನ್ ಹರಳಿನ ಒಡಲು ಇನ್ನೂರೈವತ್ತು ಕೋಟಿ ವರ್ಷ ಹಳೆಯದು. ಡಿಕ್ಕಿಯ ಕಾವಿಗೆ ಅದರ ಸುತ್ತ ಬೆಳೆದ ಅಂಚು, ಐವತ್ತೈದು ಕೋಟಿ. ವಯಸ್ಸು ಅಳೆಯುವ ನಮ್ಮ ಲೇಸರ್ ಎರಡರ ಮೇಲೂ ಒಟ್ಟಿಗೆ ಬಿದ್ದಿತ್ತು. ಬೆರೆಸಿ ಓದಿದೆವು... ಎಂದೂ ನಡೆಯದ ಡಿಕ್ಕಿಗೆ ತಾರೀಖು ಬರೆದೆವು.”

“ಇದನ್ನು ಮೇಲ್ ಮಾಡಬಹುದಿತ್ತು.”

“ಮೇಲ್‌ನಲ್ಲಿ ನಿಮ್ಮ ಮುಖ ಕಾಣುವುದಿಲ್ಲವಲ್ಲ.”

ಎಷ್ಟು ಸಲೀಸಾಗಿ ಆಡುತ್ತಾನೆ!

“ಬಿಟ್ಟು ಹೋದವರು ಮುಖದ ಮಾತಾಡಬಾರದು.”

“ನಾನು ಬಿಟ್ಟು ಹೋದೆನೇ? ‘ಹೈದರಾಬಾದಿನಲ್ಲಿ ಕೆಲಸ ಸಿಕ್ಕಿದೆ. ನಿಮ್ಮ ಬದುಕಿನಲ್ಲಿ ನನಗೆ ಜಾಗವಿದೆಯೇ? ಇದ್ದರೆ ಎಲ್ಲಿ?’ ಎಂದು ಕೇಳಿದ್ದೆ. ನೀವು ಇಲ್ಲ ಎಂದಿರಿ!”

“ಇಲ್ಲ ಎಂದೆನೇ?... ಉತ್ತರ ಕಳಿಸಿ, ಕತ್ತಲಾಗುವವರೆಗೂ ಲ್ಯಾಬಿನ ಮೆಟ್ಟಿಲ ಮೇಲೆ ಕಾದೆ. ಬರಲೇ ಇಲ್ಲ. ಬಾರದವರ ಹಿಂದೆ ಹೋಗಿ ಏನು ಕೇಳಲಿ?”

ತೇಜಸ್ ಫೋನ್ ತೆರೆದ. ಅವಳ ಆ ಉತ್ತರವನ್ನು ಅವನು ಅಳಿಸಿರಲಿಲ್ಲ. ಇಂಗ್ಲಿಷ್ ಲಿಪಿಯಲ್ಲಿ ನಾಲ್ಕೇ ನಾಲ್ಕು ಅಕ್ಷರ.

“ನಿಮ್ಮ ಮನೆಯಲ್ಲಿ ಬೆರೆಸಿ ಆಡುವ ತಮಿಳಿನಲ್ಲೇ ಬರೆದಿದ್ದಿರಿ. ನೋಡಿ.”

ಅವಳು ನೋಡಿದಳು. ಮತ್ತೊಮ್ಮೆ ನೋಡಿದಳು.

“ತೇಜಸ್... ಇದು ಕನ್ನಡ. ನೀವು ಮಂಡ್ಯದವರೆಂದು ಬೇಕೆಂದೇ ಕನ್ನಡದಲ್ಲಿ ಬರೆದೆ.”

“ನಾನು... ನಿಮ್ಮವರ ಮಾತು ತಿಳಿಯಲೆಂದು ಆರು ತಿಂಗಳು ತಮಿಳು ಕಲಿತಿದ್ದೆ.”

ಬಾಗಿಲಲ್ಲಿ ಅಜ್ಜಿಯ ಮಾತು ಕೇಳಿ ಅವನು ಮೆಟ್ಟಿಲಿಳಿದದ್ದೇಕೆಂದು ಅವಳಿಗೆ ಈಗ ಹೊಳೆಯಿತು. ಒಂದೇ ಪದ, ಎರಡು ನುಡಿ... ಬೆರೆಸಿ ಓದಿಬಿಟ್ಟಿದ್ದ!

ಈ ನಡುವೆ ಅಪ್ಪ ತೀರಿಕೊಂಡಾಗ ಅವಳ ಪಕ್ಕದಲ್ಲಿ ನಿಲ್ಲುವವರಿರಲಿಲ್ಲ. ಇನ್ನೊಂದು ಊರಿನಲ್ಲಿ ಇವನು ಒಂಟಿಯಾಗಿ ನರೆತ. ಕೋಟಿ ವರ್ಷಗಳ ತಪ್ಪನ್ನು ಒಂದು ಹಾಳೆಯಲ್ಲಿ ತಿದ್ದಬಹುದು. ಈ ಮೂರು ವರ್ಷಗಳನ್ನು?

“ನೀವು ಕೇಳಬೇಕಿತ್ತು,” ಎಂದಳು ಮೆಲ್ಲಗೆ. “ನಾನೂ ಕೇಳಬೇಕಿತ್ತು...”

ಅಡುಗೆಮನೆಯಿಂದ ಅಜ್ಜಿ ಕೂಗಿದರು. “ಬಸ್ಸು ಹೋದ್ರೆ ಹೋಗ್ಲಿ, ಕಾಪಿ ಆರ್ತಿದೆ!”

ತೇಜಸ್ ಬೆನ್ನಿನ ಚೀಲವನ್ನು ಕೆಳಗಿಳಿಸಿದ.

“ತಮಿಳಿನಲ್ಲಿ ಓದಿದರೆ ‘ಇಲ್ಲ’. ಕನ್ನಡದಲ್ಲಿ ಓದುವುದನ್ನು ನೀವೇ ಕಲಿಸಿ. ಮತ್ತೆ ಕೇಳುತ್ತಿದ್ದೇನೆ ಸಂಹಿತಾ... ನನಗೆ ಜಾಗವಿದೆಯೇ? ಇದ್ದರೆ ಎಲ್ಲಿ?”

ಅವಳು ಅವನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು. ಇಬ್ಬರನ್ನೂ ಮೂರು ವರ್ಷ ಅಗಲಿಸಿದ ಆ ಅಪರಾಧಿ ಪದವನ್ನು ಈ ಸಲ ಬಾಯಿ ತುಂಬ ಉಚ್ಚರಿಸಿದಳು.

“ಇಲ್ಲೇ.”