ನೊರೆ ನಿಂತ ವಾರ

ಪವಿತ್ರ, ಫಹಮೀದಾಳ ಅಂಗಡಿಯ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಅವಳ ಕಾಲಲ್ಲಿ ಗಂಡಸರ ಬೂಟುಗಳಿದ್ದವು. ಹೊರಗೆ ಹಿಮ ಮೊಣಕಾಲೆತ್ತರ ಬಿದ್ದಿತ್ತು; ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಬಂದಿದ್ದಳು. ಆ ಬೂಟುಗಳ ಒಡೆಯ, ಅವಳ ಗಂಡ ಮಂಜೇಶ್, ಸತ್ತು ಒಂದು ವಾರವಾಗಿತ್ತು.

“ಆಂಟಿ, ನಾಳೆ ಮತ್ತೆ ಪೊಲೀಸ್ ಬರ್ತಾರಂತೆ. ಲಾಯರ್ ಇದ್ರೆ ಕರೆಸ್ಕೊಳ್ಳಿ ಅಂದ್ರು. ಭಾವ ಆಗಲೇ ನನ್ನ ಮಗಳು ಶುಭಾ ಬಟ್ಟೆ ಪ್ಯಾಕ್ ಮಾಡ್ತಿದಾರೆ, ವುಡ್‌ರಿಡ್ಜ್‌ಗೆ ತಮ್ಮನೆಗೆ ಕರ್ಕೊಂಡು ಹೋಗ್ತಾರಂತೆ. ನಾನು ಅವರನ್ನ ಸಾಯಿಸ್ಲಿಲ್ಲ ಆಂಟಿ. ನೀವಾದ್ರೂ ನಂಬ್ತೀರಾ?”

“ನಂಬೂದು ಬಿಡೂದು ಆಮ್ಯಾಲ. ಮೊದಲ ಕುಂದ್ರು,” ಎಂದಳು ಫಹಮೀದಾ. “ವಸುಧಾ, ಚಾ ಮಾಡ,” ಎಂದು ನನ್ನ ಕಡೆ ನೋಡಿದಳು.

2009ರ ಆ ಚಳಿಗಾಲದಲ್ಲಿ ಅಮೆರಿಕದ ಕ್ಯಾಂಟನ್‌ನ ನಮ್ಮ ಜನಕ್ಕೆ ಫಹಮೀದಾ ಬರೀ ಅಂಗಡಿಯವಳಾಗಿರಲಿಲ್ಲ. ಹುಬ್ಬಳ್ಳಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದವಳು, ಗಂಡ ವಾಹಿದ್ ಜೊತೆ ಇಲ್ಲಿ ಬೇಳೆ, ಅಕ್ಕಿ ಮಾರುತ್ತಿದ್ದಳು. ಮದುವೆ ಮನೆಯಲ್ಲಿ ಸರ ಕಾಣೆಯಾದರೆ, ಹೆಸರಿಲ್ಲದ ಫೋನ್ ಕರೆಗಳು ಬಂದರೆ, ಜನ ಮೊದಲು ಅವಳ ಕೌಂಟರಿನ ಮುಂದೆ ನಿಲ್ಲುತ್ತಿದ್ದರು. ಅವಳಿಗೆ ಕಾರು ಓಡಿಸಲು ಭಯ. ಹಾಗಾಗಿ ಅವಳು ಹೋದಲ್ಲೆಲ್ಲ ನಾನು ಹೋಗಿದ್ದೇನೆ, ನೋಡಿದ್ದನ್ನೆಲ್ಲ ನೋಡಿದ್ದೇನೆ. ಆದರೂ ಅವಳಿಗೆ ಕಂಡದ್ದು ನನಗೆ ಕಾಣುತ್ತಿದ್ದುದು ಯಾವಾಗಲೂ ಕೊನೆಯಲ್ಲೇ.

ಮಂಜೇಶನ ಸಾವು ಹೇಗಾಯಿತೆಂದು ಎಲ್ಲರಿಗೂ ಗೊತ್ತಿತ್ತು. ಅವನ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಬಿಯರ್ ಫ್ರಿಜ್ಜಿತ್ತು. ಮನೆ ಮಾರಿದವರು ಬಿಟ್ಟುಹೋದ ಹಳೆಯ ಫ್ರಿಜ್ಜು. ಅದರ ಶೆಲ್ಫುಗಳನ್ನೆಲ್ಲ ಕಿತ್ತು, ಒಳಗೆ ಬಿಯರಿನ ಪೀಪಾಯಿ ಕೂರಿಸಿ, ಬಾಗಿಲಿಗೆ ತೂತು ಕೊರೆದು ನಲ್ಲಿ ಹಾಕಿದ್ದರು. ಬಿಯರನ್ನು ನಲ್ಲಿಗೆ ತಳ್ಳಲು ಕಾರ್ಬನ್ ಡೈಆಕ್ಸೈಡಿನ ಸಿಲಿಂಡರ್ ಬೇಕು. ಅದು ಎತ್ತರದ್ದಾಗಿ ಒಳಗೆ ಹಿಡಿಸದೆ ಪಕ್ಕದಲ್ಲಿ ನಿಂತಿತ್ತು. ಅದರಿಂದ ಒಂದು ರಬ್ಬರ್ ಕೊಳವೆ ಫ್ರಿಜ್ಜಿನೊಳಗೆ ಹೋಗುತ್ತಿತ್ತು. ಸಾವಿನ ಬೆಳಿಗ್ಗೆ ಆ ಕೊಳವೆ ಸಿಲಿಂಡರಿನ ಕಡೆಯ ತುದಿಯಲ್ಲಿ ಕಳಚಿ ನೆಲದ ಮೇಲೆ ಬಿದ್ದಿತ್ತು. ಸಿಲಿಂಡರ್ ಖಾಲಿಯಾಗಿತ್ತು. ಕಿಟಕಿಯಿಲ್ಲದ ಆ ಚಿಕ್ಕ ಕೋಣೆಯಲ್ಲಿ, ನೆಲದ ಮೇಲಿನ ಹಾಸಿಗೆಯಲ್ಲಿ ಮಂಜೇಶ್ ಮಲಗಿದವನು ಮಲಗಿದಂತೆಯೇ ಇದ್ದ.

“ಕುಡಿದು ಎಡವಿ ಕಿತ್ತಿರಬೇಕು ಅಂತ ಮೊದಲು ಅಂದ್ರು,” ಎಂದಳು ಪವಿತ್ರ. “ಆಮೇಲೆ ರಕ್ತದಲ್ಲಿ ಬಿಯರೇ ಇರಲಿಲ್ಲ ಅಂತ ರಿಪೋರ್ಟ್ ಬಂತು. ಅವರು ಕುಡಿಯೋದು ಬಿಟ್ಟು ಒಂದು ವಾರ ಆಗಿತ್ತು ಆಂಟಿ. ಶುಭಾ ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸ್ಕೊಂಡಿದ್ದೆ. ಪೀಪಾಯಿ ಅರ್ಧ ತುಂಬಿತ್ತು, ಹಾಗೇ ಇರ್ಲಿ, ಮುಟ್ಟದೆ ಇರ್ತೀನಾ ನೋಡು ಅಂದ್ರು. ಮುಟ್ಲಿಲ್ಲ. ನಮ್ಮನೆ ಸರಿಹೋಯ್ತು ಅನ್ಕೊಂಡೆ.”

“ಮತ್ತ ನಿನ್ನ ಮ್ಯಾಲ ಯಾಕ ಬಂತು?”

ಪವಿತ್ರ ತಲೆ ತಗ್ಗಿಸಿದಳು. ಉತ್ತರ ನನಗೂ ಗೊತ್ತಿತ್ತು. ದೀಪಾವಳಿಯ ಪಾರ್ಟಿಯಲ್ಲಿ, ಎಂದಿನಂತೆ ಗಂಡಸರು ಕೆಳಗೆ, ಹೆಂಗಸರು ಮೇಲೆ ಅಡುಗೆಮನೆಯಲ್ಲಿ ಇದ್ದಾಗ, ಅವಳು ಮೆಟ್ಟಿಲ ಬಾಯಲ್ಲಿ ನಿಂತು, “ಒಂದಿನ ಆ ಪೈಪನ್ನ ನಾನೇ ಕಿತ್ತು ಬಿಸಾಕ್ತೀನಿ!” ಎಂದು ಕೂಗಿದ್ದಳು. ಮಂಜೇಶನ ಅಣ್ಣ ವೆಂಕಟರಾಮು ಅದನ್ನು ಅಕ್ಷರ ಬಿಡದೆ ಪೊಲೀಸರಿಗೆ ಹೇಳಿದ್ದರು.

ಅವಳು ಆ ಬಿಯರನ್ನು ದ್ವೇಷಿಸುತ್ತಿದ್ದಳು ಎಂಬುದು ಪೂರ್ತಿ ನಿಜವಲ್ಲ. ಫ್ರಿಜ್ಜು ಹೊಸದಾಗಿ ಸಿದ್ಧವಾಗಿದ್ದ ಬೇಸಿಗೆಯಲ್ಲಿ, ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ, ಅವಳು ನನ್ನನ್ನು ಕರೆದು ಸ್ಟೀಲ್ ಲೋಟದಲ್ಲಿ ಹಿಡಿದುಕೊಟ್ಟಿದ್ದಳು. ಲೋಟವನ್ನು ಓರೆ ಮಾಡಿ, ನಲ್ಲಿಯನ್ನು ಒಮ್ಮೆಲೇ ಪೂರ್ತಿ ತೆರೆದು, ಎರಡು ಬೆರಳು ನೊರೆ ನಿಲ್ಲುವಂತೆ. “ಬಾಟಲಿದಕ್ಕಿಂತ ಎಷ್ಟು ಮೃದು ಅಲ್ವಾ?” ಎಂದು ಮೀಸೆಯ ಜಾಗ ಒರೆಸಿಕೊಂಡು ನಕ್ಕಿದ್ದಳು. ಮಂಜೇಶನ ಕೆಲಸ ಹೋಗುವ ಮುಂಚಿನ ಮಾತು ಅದು. ಕೆಲಸ ಹೋದಮೇಲೆ ಅವನು ಅದರ ಮುಂದೆ ಒಬ್ಬನೇ ಕೂರತೊಡಗಿದ. ಅವನ ವೀಸಾ ಕೆಲಸಕ್ಕೆ, ಅವಳದು ಅವನ ವೀಸಾಕ್ಕೆ ಅಂಟಿಕೊಂಡಿತ್ತು; ಕೆಲಸವಿಲ್ಲದೆ ಇಬ್ಬರೂ ಇಲ್ಲಿ ಹೆಚ್ಚು ದಿನ ಉಳಿಯುವಂತಿರಲಿಲ್ಲ. ಅವನು ಒಂದೊಂದು ಲೋಟ ಹಿಡಿದಾಗಲೂ ಆ ನಲ್ಲಿಯ ಸದ್ದು ಅವಳಿಗೆ ಮೇಲಿನವರೆಗೆ ಕೇಳುತ್ತಿತ್ತಂತೆ.

ನಾವು ಅವರ ಮನೆಗೆ ಹೋದಾಗ ಮಂಜೇಶನ ತಾಯಿ ಚಿಕ್ಕತಾಯಮ್ಮ ಸೋಫಾದ ತುದಿಯಲ್ಲಿ ಕುಳಿತಿದ್ದರು. ಎರಡು ತಿಂಗಳ ಹಿಂದೆ ಟಿ. ನರಸೀಪುರದ ಕಡೆಯಿಂದ ಬಂದವರು. ಮಲಗುವ ಮುಂಚೆ ಅಂಗಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳುವ ಅಭ್ಯಾಸ ಅವರಿಗೆ. ಮೆಟ್ಟಿಲ ಹತ್ತಿರವೂ ಆ ವಾಸನೆ ಸುಳಿಯುತ್ತಿತ್ತು. ಮೊದಲ ಸಲ ನಮ್ಮನೆಗೆ ಬಂದಾಗ ಅವರು ಒಲೆಯ ಕೆಳಗೆ ಬಗ್ಗಿ ನೋಡಿ, “ಸಿಲಿಂಡರ್ ಎಲ್ಲವ್ವ ಮಡಗಿದ್ದೀಯ?” ಎಂದು ಕೇಳಿದ್ದು ನನಗೆ ನೆನಪಿದೆ. ಪೈಪಿನಲ್ಲಿ ಬರುತ್ತದೆ ಎಂದರೆ ನಂಬಿರಲಿಲ್ಲ. ಅವರ ತಂಗಿ ಅಡುಗೆಮನೆಯಲ್ಲಿ ಸಿಲಿಂಡರ್ ಸೋರಿ ಸುಟ್ಟುಕೊಂಡು ಹೋದವಳು.

ಮೆಟ್ಟಿಲ ಮೇಲೆ ಶುಭಾ ಬಣ್ಣ ತುಂಬುತ್ತ ಕುಳಿತಿದ್ದಳು. ಆರು ವರ್ಷದ ಹುಡುಗಿ.

“ನೀ ಅಜ್ಜಿ ಜೋಡಿ ಮಲಗ್ತಿ ಏನು?” ಎಂದು ಫಹಮೀದಾ ಕೇಳಿದಳು.

“ಯಾ. ಬಟ್ ಫಸ್ಟ್ ಅಜ್ಜಿ ಸೇಸ್ ಗುಡ್‌ನೈಟ್ ಟು ದ ಬೇಸ್‌ಮೆಂಟ್. ಡ್ಯಾಡಿ ನಂಗೆ ಸ್ಟೋರಿ ಓದುವಾಗ.”

ನಾನು ನಕ್ಕೆ. ಫಹಮೀದಾ ನಗಲಿಲ್ಲ.

ಕೆಳಗಿನ ಕೋಣೆ ಮೊದಲು ಹಳೆಯ ಸಾಮಾನು ಇಡುವ ಜಾಗವಾಗಿತ್ತು. ತಾಯಿ ಬರುವ ಮುಂಚೆ ಮಂಜೇಶ್ ಫ್ರಿಜ್ಜನ್ನು ದೊಡ್ಡ ಹಾಲಿನಿಂದ ಇಲ್ಲಿಗೆ ತಳ್ಳಿದ್ದ. ನಲ್ಲಿಗೆ ಟವಲ್ ಸುತ್ತಿ, ಫ್ರಿಜ್ಜಿನ ಬಾಗಿಲಿಗೆ ಬೀಗ ಹಾಕಿ, ಕೆಟ್ಟುಹೋದ ಫ್ರಿಜ್ಜು ಎಂದಿದ್ದ. ಮಗ ಕುಡಿಯುತ್ತಾನೆ ಎಂದಾಗಲಿ, ಅವನ ಕೆಲಸ ಹೋಗಿದೆ ಎಂದಾಗಲಿ ತಾಯಿಗೆ ಗೊತ್ತಿರಲಿಲ್ಲ. ರಾತ್ರಿ ಆಫೀಸಿನ ಕಾಲ್‌ಗಳಿವೆ ಎಂದು ಹೇಳಿ ಅವನು ಇಲ್ಲೇ ಮಲಗುತ್ತಿದ್ದ. ಸದ್ದು ಮೇಲೆ ಹೋಗದಿರಲೆಂದು ಕೋಣೆಯ ಬಾಗಿಲಿನ ಸಂದಿಗೆಲ್ಲ ಸ್ಪಾಂಜಿನ ಪಟ್ಟಿ ಅಂಟಿಸಿದ್ದ.

ಫಹಮೀದಾ ಕೊಳವೆಯ ತುದಿಯನ್ನು ಕಣ್ಣಿನ ಹತ್ತಿರ ಹಿಡಿದಳು. ಲೋಹದ ಕ್ಲಿಪ್ಪು ಇನ್ನೂ ಅದನ್ನು ಬಿಗಿಯಾಗಿ ಕಚ್ಚಿಕೊಂಡಿತ್ತು. ಕ್ಲಿಪ್ಪಿನ ಸ್ಕ್ರೂ ಮೇಲೆ ಒಂದು ಹಳದಿ ಬಣ್ಣದ ಗೆರೆ. ಆಮೇಲೆ ಅವಳು ಸಿಲಿಂಡರಿನ ಒತ್ತಡ ಹೊಂದಿಸುವ ರೆಗ್ಯುಲೇಟರಿನ ತಿರುಪನ್ನು ಬಗ್ಗಿ ಮೂಸಿ ನೋಡಿದಳು. ಕಪ್ಪು ಪ್ಲಾಸ್ಟಿಕ್ಕಿನ ಅದರ ಮೇಲೆ ಧೂಳಿನ ಎಳೆಗಳು ಜಿಡ್ಡಿಗೆ ಅಂಟಿದ್ದವು. ತಿರುಪು ಪೂರ್ತಿ ಒಳಕ್ಕೆ ಹೋಗಿತ್ತು.

“ಇದನ್ನ ಜೋಡಿಸಿದಾತ ಯಾರು?”

“ಕೃಷ್ಣಮೂರ್ತಿ ಅಂಕಲ್,” ಎಂದಳು ಪವಿತ್ರ.

ಕೃಷ್ಣಮೂರ್ತಿ ಕಾರು ಕಂಪನಿಯ ಎಂಜಿನಿಯರ್, ಪಕ್ಕದ ಬೀದಿಯವರು. ಕರೆದ ತಕ್ಷಣ ಬಂದರು. ಹಳದಿ ಗೆರೆಯ ಬಗ್ಗೆ ಕೇಳಿದಾಗ, “ನಮ್ಮ ಪ್ಲಾಂಟಿನ ಅಭ್ಯಾಸ ಅದು. ಬೋಲ್ಟ್ ಟೈಟ್ ಮಾಡಿದ ಮೇಲೆ ಅಡ್ಡ ಒಂದು ಪೇಂಟ್ ಗೆರೆ ಹಾಕ್ತೀವಿ. ಯಾರಾದ್ರೂ ಬಿಚ್ಚಿದ್ರೆ ಗೆರೆ ಎರಡಾಗುತ್ತೆ,” ಎಂದರು.

“ಬಿಯರಿನ ಬಗ್ಗೆ ಇತ್ತೀಚಿಗೆ ಏನರ ತಕರಾರು ಹೇಳಿದ್ನಾ?”

“ಹೇಳ್ತಿದ್ದ. ಅಮ್ಮ ಬಂದಮೇಲಿಂದ ಬರೀ ನೊರೆ ಬರುತ್ತೆ ಸಾರ್, ದಿನಾ ಸಂಜೆ ಪ್ರೆಶರ್ ಕಮ್ಮಿ ಮಾಡ್ತೀನಿ, ಮಾರನೇ ದಿನ ಮತ್ತೆ ಜಾಸ್ತಿ ಆಗಿರುತ್ತೆ ಅಂತ. ನಿನ್ನ ರೆಗ್ಯುಲೇಟರ್‌ಗೆ ದೆವ್ವ ಹಿಡಿದಿದೆ ಕಣೋ ಅಂತ ರೇಗಿಸ್ದೆ.” ಅವರು ಆ ಹಳದಿ ಗೆರೆಯನ್ನು ಹೆಬ್ಬೆರಳಿಂದ ಸವರಿದರು. “ಕೊನೇ ವಾರ ಆ ಮಾತೇ ಎತ್ತಲಿಲ್ಲ.”

ಫಹಮೀದಾ ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಕುಸಿದು ಕುಳಿತಳು.

“ಗೊತ್ತಾಯ್ತಾ?” ಎಂದೆ.

“ಆತು. ಆಗಬಾರದಿತ್ತು, ವಸುಧಾ.”

ಅಂದು ಸಂಜೆ ಎಲ್ಲರೂ ಮೇಲಿನ ಹಾಲಿನಲ್ಲಿ ಸೇರಿದೆವು. ವಾಹಿದ್ ಶುಭಾಳನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದರು. ಅತ್ತೆಯನ್ನು ಮಲಗಿಸಿ ಬರಲೇ ಎಂದು ಪವಿತ್ರ ಕೇಳಿದಾಗ ಫಹಮೀದಾ ಹೌದು ಎಂದಳು. ಆದರೆ ಚಿಕ್ಕತಾಯಮ್ಮ ಏಳಲಿಲ್ಲ. “ನನ್ನ ಮಗನ ಇಚಾರ ಕಣವ್ವ. ನಾನಿರ್ತೀನಿ,” ಎಂದರು.

ವೆಂಕಟರಾಮು ನಿಂತೇ ಇದ್ದರು. “ಏನಮ್ಮಾ ತನಿಖೆ? ಅಂಗಡಿ ಮುಚ್ಚಿ ಬಂದಿದ್ದೀರಾ? ಪೈಪ್ ತಾನಾಗಿ ಕಳಚ್ಕೊಳ್ಳುತ್ತಾ?”

“ತಾನಾಗೇ ಕಳಚೈತ್ರಿ. ಕೈಲೆ ಕಿತ್ತಿದ್ರ ಮೊದಲ ಸ್ಕ್ರೂ ಸಡ್ಲ ಮಾಡಬೇಕಿತ್ತು. ಅದರ ಮ್ಯಾಲಿನ ಹಳದಿ ಗೆರಿ ಇನ್ನೂ ಒಂದಾ ಐತಿ. ಕ್ಲಿಪ್ ಬಿಗಿ ಇದ್ದಾಗ ಎಳೆದ್ರ ಬರೂದಿಲ್ಲ, ಕೃಷ್ಣಮೂರ್ತಿಯವರೇ ಇನ್ನೊಂದು ತುದಿ ಎಳೆದು ನೋಡ್ಯಾರ. ಒಳಗಿಂದ ಒತ್ತಡ ಹೆಚ್ಚಾಗಿ ಕೊಳವಿ ಸ್ವಲ್ಪ ಸ್ವಲ್ಪ ಜಾರೈತಿ, ಸಂದಿಯಿಂದ ಸೋರೈತಿ, ಆಮ್ಯಾಲ ಕಳಚೈತಿ. ಆ ಗ್ಯಾಸಿಗೆ ಬಣ್ಣಿಲ್ಲ, ವಾಸನಿ ಇಲ್ಲ, ಗಾಳಿಗಿಂತ ಭಾರ. ನೆಲದ ಮ್ಯಾಲ ತುಂಬಿಕೊಂತೈತಿ. ಮಂಜೇಶ್ ನೆಲದ ಮ್ಯಾಲ ಮಲಗಿದ್ದ. ಕಿಟಕಿ ಇಲ್ಲದ, ಸಂದಿ ಮುಚ್ಚಿದ ಖೋಲಿ.”

“ಒತ್ತಡ ಹೆಂಗೆ ಜಾಸ್ತಿ ಆಯ್ತು?”

“ತಿರುಪು ತಿರುವಿದ್ರ ಆಗ್ತೈತಿ. ಬಲಕ್ಕ ತಿರುವಿದಷ್ಟೂ ಹೆಚ್ಚು.”

“ಹಂಗಾದ್ರೆ ಇವಳೇ ತಿರುಗಿಸಿರ್ತಾಳೆ!” ವೆಂಕಟರಾಮುವಿನ ಬೆರಳು ಪವಿತ್ರಳ ಕಡೆಗೆ ಹೋಯಿತು.

ಫಹಮೀದಾ ನನ್ನತ್ತ ನೋಡಿದಳು. ಇಷ್ಟು ವರ್ಷಗಳಲ್ಲಿ ಅವಳು ಹಾಗೆ ನನ್ನ ಸಹಾಯ ಬೇಡಿದ್ದು ಅದೊಂದೇ ಸಲ.

“ತಿರುವಿದವರು ಕೇಡು ಬಗೀಲಿಲ್ರಿ,” ಎಂದಳು ಕೊನೆಗೆ. “ಬಂದ್ ಮಾಡಾಕ ಹೋಗಿದ್ರು. ನಮ್ಮ ಕಡೆ ಅಡಿಗಿ ಸಿಲಿಂಡರಿಗೆ ಹಂಗ ಅಲ್ಲೇನು? ಮಲಗೂಕಿಂತ ಮೊದಲ ರೆಗ್ಯುಲೇಟರ್ ಬಲಕ್ಕ ತಿರುವಿ ಬಂದ್ ಮಾಡ್ತೀವಿ. ಈ ಸಿಲಿಂಡರ್ ಬಂದ್ ಮಾಡೂ ಚಕ್ರ ಮ್ಯಾಲ ಬ್ಯಾರೇ ಐತಿ. ಅದು ಅವರಿಗೆ ಗೊತ್ತಿರಲಿಲ್ಲ.”

“ನಾನೇ ಕಣವ್ವ,” ಎಂದರು ಚಿಕ್ಕತಾಯಮ್ಮ.

ಅವರ ದನಿಯಲ್ಲಿ ಅಳುಕಿರಲಿಲ್ಲ. ಹೇಳಬೇಕಾದ್ದನ್ನು ಯಾರೂ ಇದುವರೆಗೆ ಕೇಳಲಿಲ್ಲವಲ್ಲ ಎಂಬಂತೆ ಇತ್ತು.

“ಒಲೆಗೆ ಸಿಲಿಂಡರೇ ಇಲ್ಲ ಅಂತ ನಮ್ಮ ಪವಿತ್ರ ಅಂದ್ಳು. ಹುಡುಕ್ತಾ ಹುಡುಕ್ತಾ ಕೆಳಗೆ ಸಿಕ್ತು. ಇವರಿಬ್ಬರಿಗೂ ಗ್ಯಾನ ಇಲ್ಲ, ರಾತ್ರಿಯೆಲ್ಲ ಹಂಗೇ ಬುಡ್ತಾರೆ. ಅದರ ಪಕ್ಕದಲ್ಲೇ ನನ್ನ ಮಗ ಮಲಗ್ತಾನೆ. ಅದಕ್ಕೇ ದಿನಾ ಎಣ್ಣೆ ತಿಕ್ಕಂಡು, ಕೆಳಗೋಗಿ ಆಫ್ ಮಾಡಿ ಬತ್ತಿದ್ದೆ. ಅವತ್ತೂ ಗಟ್ಟಿಯಾಗಿ ಆಫ್ ಮಾಡಿದ್ದೆ. ಎಂಗೆ ಸೋರ್ತದೆ? ಆಫ್ ಮಾಡಿದ್ದೆ ಕಣವ್ವ.”

ವೆಂಕಟರಾಮು ಮೆಲ್ಲನೆ ನೆಲದ ಮೇಲೆ ಕುಳಿತರು. “ಅವ್ವಾ,” ಎಂದರು.

“ಆದ್ರೆ ಎರಡು ತಿಂಗಳಿಂದ ಮಾಡ್ತಿದ್ರಲ್ಲ?” ಕೃಷ್ಣಮೂರ್ತಿ ತಡವರಿಸಿದರು. “ಅವತ್ತೇ ಯಾಕೆ...” ಅಷ್ಟರಲ್ಲೇ ಅವರಿಗೂ ಹೊಳೆದು ಬಾಯಿ ಮುಚ್ಚಿಕೊಂಡರು.

ಫಹಮೀದಾ ಸೆರಗು ಹೊದ್ದು ಎದ್ದಳು. “ಇಷ್ಟು ಸಾಕು. ಇದು ಅಪಘಾತ ಅಂತ ನಾಳೆ ಪೊಲೀಸರಿಗೆ ನಾ ಹೇಳ್ತೀನಿ. ಪವಿತ್ರ, ನಿನ್ನ ಮಗಳು ನಿನ್ನ ಹತ್ರಾನ ಇರ್ತಾಳ.”

ಯಾವ ಪ್ರಕರಣದಲ್ಲೂ ಅವಳು ಕೊನೆಯ ಕಾರಣವನ್ನು ಹೇಳದೆ ಬಿಟ್ಟವಳಲ್ಲ. ಅಂದು ಬಿಡಲು ನೋಡಿದಳು. ಪವಿತ್ರ ಬಿಡಲಿಲ್ಲ.

“ನೊರೆ ಬಂದಾಗೆಲ್ಲ ಅವರು ತಿರುಗಿಸಿ ಕಮ್ಮಿ ಮಾಡ್ತಿದ್ರು,” ಎಂದಳು, ಯಾರಿಗೂ ಅಲ್ಲದಂತೆ. “ರಾತ್ರಿ ಅತ್ತೆ ಈ ಕಡೆ. ಸಂಜೆ ಅವರು ಆ ಕಡೆ. ಆ ವಾರ ಅವರು ಲೋಟಾನೇ ಮುಟ್ಟಲಿಲ್ಲ, ನೊರೆ ನೋಡಲಿಲ್ಲ. ಅತ್ತೆ ಒಬ್ರೇ ತಿರುಗಿಸ್ತಾ ಇದ್ರು.” ಅವಳು ಫಹಮೀದಾಳ ಮುಖವನ್ನೇ ದಿಟ್ಟಿಸಿದಳು. “ಕುಡೀತಾ ಇದ್ದಿದ್ರೆ ಬದುಕಿರ್ತಿದ್ರು. ಅಲ್ವಾ ಆಂಟಿ? ಬಿಡ್ಸಿದ್ದು ನಾನು.”

ಫಹಮೀದಾ ಅಲ್ಲ ಎನ್ನಲಿಲ್ಲ. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಚಿಕ್ಕತಾಯಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಮಗ ಏನು ಕುಡಿಯುತ್ತಿದ್ದ, ಯಾವ ನೊರೆ ಎಂದು ಅವರು ಕೇಳಲಿಲ್ಲ. ಅದು ಅವರಿಗೆ ತಾಗಲೇ ಇಲ್ಲವೇನೋ. ಎದ್ದು ಬಂದು ಸೊಸೆಯ ಪಕ್ಕ ಕುಳಿತು, ಅವಳ ಮೊಣಕೈ ಹಿಡಿದು, ಅವಳೊಬ್ಬಳಿಗೇ ಎಂಬಂತೆ ಮೆತ್ತಗೆ ಕೇಳಿದರು:

“ಯಾವ ಕಡೀಕೆ ತಿರುಗಿಸ್ಬೇಕಾಗಿತ್ತವ್ವ?”

ಪವಿತ್ರ ಅತ್ತೆಯ ಕಡೆ ತಿರುಗಿದಳು. “ನೀವು ಸರಿಯಾಗೇ ತಿರುಗಿಸಿದ್ರಿ ಅತ್ತೆ,” ಎಂದಳು.

ಮುದುಕಿ ತಲೆಯಾಡಿಸಿದರು. ಆದರೆ ಮಡಿಲಲ್ಲಿದ್ದ ಅವರ ಬಲಗೈ, ಬೆರಳು ಮಡಚಿಕೊಂಡು, ಗಾಳಿಯಲ್ಲಿ ಏನನ್ನೋ ಹಿಡಿದಂತೆ, ಬಲಕ್ಕೆ ತಿರುಗಿತು. ನಿಂತಿತು. ಎಡಕ್ಕೆ ತಿರುಗಿತು. ಮತ್ತೆ ಬಲಕ್ಕೆ. ನಾವು ಕೋಟು ಹಾಕಿಕೊಂಡು ಬಾಗಿಲು ದಾಟುವಾಗಲೂ ಆ ಕೈ ತಿರುಗುತ್ತಲೇ ಇತ್ತು, ಪವಿತ್ರ ಅದನ್ನು ನೋಡುತ್ತಲೇ ಕುಳಿತಿದ್ದಳು.