ಬಾಟಲಿಗೆ ಹಾಕಿದ ಸುಣ್ಣ

ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮೊದಲು ಕಂಡಿದ್ದು ದುರ್ಗಾಂಬಿಕಾಳ ಹಸಿರು ಸೀರೆ. ಕರಾವಳಿಯ ಲ್ಯಾಬಿನಲ್ಲಿ ಎರಡು ವರ್ಷ ಅವಳನ್ನು ಬಿಳಿ ಕೋಟಿನಲ್ಲೇ ನೋಡಿದ್ದೆ. ಸ್ಕೂಟಿ ಪಕ್ಕ ನಿಂತವಳು ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ನಕ್ಕಳು. ಬಂದ ಬಸ್ಸಿಗೇ ವಾಪಸ್ ಹತ್ತಿಬಿಡೋಣ ಅನ್ನಿಸಿತು.

“ಏನ್ರೀ ರುದ್ರಮುನಿ, ಹಂಗ್ಯಾಕೆ ನೋಡ್ತೀರಿ? ಗುರುತು ಸಿಗ್ಲಿಲ್ವಾ?”

“ಸಿಕ್ತು ಮೇಡಂ. ಅದಕ್ಕೇ ಹೆದರಿಕೆ ಆಯ್ತು.”

“ಊರಾಗೂ ಮೇಡಂ ಅಂದ್ರೆ ಇಲ್ಲೇ ಬಿಟ್ಟು ಹೋಗ್ತೀನಿ ನೋಡ್ರಿ.”

ತಪ್ಪು ನನ್ನದೇ. ‘ಒಂದು ಮಾತು ಹೇಳ್ಬೇಕು, ಎದುರಿಗೇ ಹೇಳ್ಬೇಕು’ ಎಂದು ಹಿಂದಿನ ದಿನ ಫೋನ್ ಮಾಡಿದ್ದೆ. ಅಂಥ ಮಾತನ್ನು ಯಾರಾದರೂ ಏನೆಂದುಕೊಂಡಾರು? ಮನೆಯಲ್ಲಿ ಅವಳ ತಾಯಿ ಸುಂಕಲಮ್ಮ ಹೋಳಿಗೆ ಮಾಡಿ ಕಾಯುತ್ತಿದ್ದರು. ನಮ್ಮೂರು ಗೋವಿನಕೋವಿಯಲ್ಲಿ ಯಾರ ಮನೆ, ಅಪ್ಪನ ಹೆಸರೇನು, ಎಷ್ಟು ಜನ ಮಕ್ಕಳು ಎಂದೆಲ್ಲ ವಿಚಾರಿಸಿದರು. ನಾನು ತಲೆ ತಗ್ಗಿಸಿ ಉತ್ತರ ಕೊಟ್ಟೆ. ಬಾಗಿಲ ಸಂದಿಯಲ್ಲಿ ದುರ್ಗಾಂಬಿಕಾ ತುಟಿ ಕಚ್ಚಿ ನಗು ತಡೆಯುತ್ತಿದ್ದಳು.

“ಮಾಳಿಗೆ ಮೇಲೆ ಮೆಕ್ಕೆಜೋಳ ಒಣಗಾಕೀವಿ, ಒಂದಿಷ್ಟು ಕೈಯಾಡಿಸಿ ಬರ್ರಿ ಇಬ್ರೂ,” ಎಂದು ಸುಂಕಲಮ್ಮನೇ ನಮ್ಮನ್ನು ಮೇಲೆ ಕಳಿಸಿದರು. ಎಂಥ ಒಳ್ಳೆಯ ಹೆಂಗಸು! ಅವರ ಮುಖ ನೋಡಲೂ ನನಗೆ ಯೋಗ್ಯತೆ ಇರಲಿಲ್ಲ.

ದುರ್ಗಾಂಬಿಕಾ ಲ್ಯಾಬಿನಲ್ಲಿ ಬೆಳೆಸುವುದು ಕಣ್ಣಿಗೆ ಕಾಣದ ಸಮುದ್ರದ ಪಾಚಿ. ಅದು ಮೈಸುತ್ತ ಸುಣ್ಣದ ಬಿಲ್ಲೆಗಳನ್ನು ಕಟ್ಟಿಕೊಳ್ಳುತ್ತದೆ. ನಾವು ಸುಡುವ ಡೀಸೆಲ್ಲು, ಕಲ್ಲಿದ್ದಲಿನ ಹೊಗೆ ಕರಗಿ ಸಮುದ್ರ ಹುಳಿಯಾದಂತೆಲ್ಲ ಆ ಬಿಲ್ಲೆ ತೆಳುವಾಗುತ್ತ ಹೋಗಬೇಕು. ಎಷ್ಟು ತೆಳುವಾಗುತ್ತದೆ ಎನ್ನುವುದೇ ಅವಳ ಪಿಎಚ್‌ಡಿ. ಪಾಚಿಯ ಬಾಟಲಿಗಳಿಗೆ ಅಳತೆ ಪ್ರಕಾರ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಟ್ಟು, ನೀರು ಎಷ್ಟು ಹುಳಿಯಾಯಿತೆಂದು ಮೀಟರ್ ನೋಡುವುದು ಟೆಕ್ನೀಷಿಯನ್ ಆದ ನನ್ನ ಕೆಲಸ.

ಅವಳು ರಜೆಯಲ್ಲಿದ್ದ ಒಂದು ಮಧ್ಯಾಹ್ನ ಗ್ಯಾಸ್ ತಿರುವಿ ಊಟಕ್ಕೆ ಹೋದವನು ಮರೆತೇಬಿಟ್ಟೆ. ಬಂದು ನೋಡಿದರೆ ಮೂರು ಬಾಟಲಿ ನೀರು ವಿಪರೀತ ಹುಳಿಯಾಗಿತ್ತು. ಗಾಬರಿಯಲ್ಲಿ ಜೇಬಿನ ಎಲೆ-ಅಡಿಕೆ ಸುಣ್ಣವನ್ನೇ ಚೂರುಚೂರು ಹಾಕಿ ಅಲ್ಲಾಡಿಸಿದೆ. ಮಣ್ಣು ಹುಳಿಯಾದರೆ ನಮ್ಮಪ್ಪ ಗದ್ದೆಗೆ ಸುಣ್ಣ ಎರಚುವುದನ್ನು ನೋಡಿ ಬೆಳೆದವನಲ್ಲವೇ ನಾನು! ಮೀಟರ್ ಆ ಬಾಟಲಿಗಳಿಗೆ ಬೇಕಾದಷ್ಟೇ ಹುಳಿಯ ಅಂಕಿ ತೋರಿಸಿತು. ದೊಡ್ಡ ಜಾಣನ ಹಾಗೆ ಬೀಗಿದೆ.

ಹದಿನೈದು ದಿನದ ಮೇಲೆ ಅವಳು ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ನನ್ನ ಕೈ ಹಿಡಿದುಕೊಂಡಳು. “ಹುಳಿ ನೀರಾಗೂ ಬಿಲ್ಲೆ ದಪ್ಪ ಕಟ್ಟ್ಯಾವ್ರೀ! ನೀವು ಅಷ್ಟು ಚೆಂದ ನೋಡ್ಕೊಂಡಿದ್ದಕ್ಕೇ!” ಬಿಲ್ಲೆಗೆ ಬೇಕಾದ ಸುಣ್ಣ ನಾನೇ ಸುರಿದಿದ್ದು ಎಂದು ಆ ಕ್ಷಣವೇ ಹೊಳೆಯಿತು. ಬಾಯಿ ಬಿಡಲಿಲ್ಲ. ಬಿಟ್ಟರೆ ಅವಳು ಕೈ ಬಿಡುತ್ತಾಳೆ ಎನ್ನುವ ನಾಚಿಕೆಗೇಡಿನ ಕಾರಣಕ್ಕೆ ಎರಡು ತಿಂಗಳು ಸುಮ್ಮನಿದ್ದೆ. ಈಗ ಗುರುವಾರ ಗೋವಾದಲ್ಲಿ ದೊಡ್ಡ ವಿಜ್ಞಾನಿಗಳ ಎದುರು ಅವಳು ಆ ಸುಳ್ಳನ್ನು ನಿಜವೆಂದು ಹೇಳುವವಳಿದ್ದಳು.

ಜೋಳದಲ್ಲಿ ಬೆರಳಾಡಿಸುತ್ತ ಅವಳು ಓರೆಗಣ್ಣಲ್ಲಿ ನೋಡಿದಳು. “ಹೇಳ್ರಿ ಮತ್ತೆ. ಏನೋ ಮಾತೈತೆ ಅಂದ್ರಲ್ಲ?”

ಎಲ್ಲವನ್ನೂ ಹೇಳಿದೆ. ನಡುವೆ ನಿಲ್ಲಿಸಿದರೆ ಮತ್ತೆ ಧೈರ್ಯ ಬರುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿದೆ.

“ಮೀಟರ್ ಸರಿ ಇತ್ತಲ್ಲ?” ಅವಳ ದನಿ ಸಣ್ಣಗಾಗಿತ್ತು.

“ಮೀಟರ್ ಸರಿ ಮಾಡಾಕೇ ಸುಣ್ಣ ಹಾಕಿದ್ದು.”

ಅವಳು ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಫೋನ್ ತೆಗೆದು, ಸ್ಪೀಕರಿಗೆ ಹಾಕಿ, ಗೈಡ್‌ಗೆ ಕರೆ ಮಾಡಿದಳು. “ಸರ್, ಗೋವಾಕ್ಕೆ ನಾನು ಬರಲ್ಲ. ಡೇಟಾ ತಪ್ಪೈತೆ. ಮೂರು ಬಾಟಲಿಗೆ ಸುಣ್ಣ ಸೇರೈತೆ.”

“ಯಾರು ಹಾಕಿದ್ದು?”

“ನಾನೇ ಸರ್, ಸರಿಯಾಗಿ ನೋಡ್ಕೊಳ್ಳಲಿಲ್ಲ...”

ಅವಳ ಕೈಯಿಂದ ಫೋನ್ ಕಸಿದುಕೊಂಡೆ. “ಸರ್, ನಾನು ರುದ್ರಮುನಿ. ಹಾಕಿದ್ದು ನಾನು, ಮುಚ್ಚಿಟ್ಟಿದ್ದೂ ನಾನು. ಮೇಡಂಗೆ ಗೊತ್ತಾಗಿದ್ದೇ ಈಗ.” ಸೋಮವಾರ ಆಫೀಸಿಗೆ ಬಂದು ಕಾಣು ಎಂದು ಅವರು ಫೋನಿಟ್ಟರು. ಕೆಲಸ ಉಳಿಯುವ ನಂಬಿಕೆ ನನಗಿರಲಿಲ್ಲ.

ಫೋನನ್ನು ಅವಳ ಕೈಗೆ ವಾಪಸ್ ಕೊಟ್ಟೆ. ಕೆಳಗಿನಿಂದ ಸುಂಕಲಮ್ಮ ಊಟಕ್ಕೆ ಕರೆದರು.

“ಬರೀ ಇದನ್ನ ಹೇಳಾಕೆ ಬಂದ್ರಾ?” ಅವಳು ಜೋಳ ನೋಡುತ್ತಲೇ ಕೇಳಿದಳು.

“ಇನ್ನೊಂದು ಮಾತೈತೆ. ಹೇಳಾಕೆ ಮುಖ ಇಲ್ಲ.”

“ಇವತ್ತು ಹೇಳಬ್ಯಾಡ್ರಿ.” ಈಗ ಅವಳ ಕಣ್ಣು ತುಂಬಿತ್ತು. “ಇವತ್ತು ಕೇಳಿದ್ರೆ ಸಿಟ್ಟಿಗೆ ಇಲ್ಲ ಅಂದುಬಿಡ್ತೀನಿ. ನಂಗೆ ಇಲ್ಲ ಅನ್ನಾಕೆ ಇಷ್ಟ ಇಲ್ಲ.”