ಪರದೆಯಲ್ಲಿ ಉಳಿದವಳು

"ಪ್ಯಾನೆಲ್ ಎಲ್ಲಿ, ಗು?"

ನನ್ನ ಬಲ ಅಂಗೈ ಹೀಟ್ ಪ್ಲೇಟಿನಿಂದ ಎರಡು ಬೆರಳಿನಷ್ಟು ಮೇಲಿತ್ತು.

ಒಡೆದ ಫೋನಿನ ಗಾಜನ್ನು ಕಾಯಿಸಿ ಬಿಡಿಸುತ್ತಾರಲ್ಲ, ಆ ತಟ್ಟೆ. ಪಕ್ಕದಲ್ಲಿ ಕೆಂಪು ಅಂಕಿ ಮಿನುಗುತ್ತಿತ್ತು. ನೂರಹತ್ತು ಡಿಗ್ರಿ!

ಇಬ್ಬರು ನನ್ನನ್ನು ಮೇಜಿಗೆ ಒತ್ತಿ ಹಿಡಿದಿದ್ದರು. ಎದುರಿಗೆ ಸ್ಟೂಲಿನ ಮೇಲೆ ತಾಕ್ ಜೇಗ್ಯು ಕುಳಿತಿದ್ದ. ದಲ್ಬಿತ್ ಡಿಸ್‌ಪ್ಲೇ ಕಂಪನಿಯ ಗುಣಮಟ್ಟ ವಿಭಾಗದ ದೊಡ್ಡ ಸಾಹೇಬ. ಇಸ್ತ್ರಿ ಮಾಡಿದ ಕೋಟು, ಇಸ್ತ್ರಿ ಮಾಡಿದ ಮುಖ.

"ಯಾವ ಪ್ಯಾನೆಲ್ ಸಾಹೇಬ್ರೆ?"

ಅಂಗೈ ಒಂದು ಬೆರಳಿನಷ್ಟು ಕೆಳಗಿಳಿಯಿತು.

"ಸತ್ತ ಹುಡುಗಿ ಫೋನಿಂದು ಕಣೋ... ಆಟ ಆಡ್ಬೇಡ."

ಬರೆದುಕೊಳ್ಳಿ ಸಾರ್. ಬೆಳಿಗ್ಗೆ ಹನ್ನೊಂದು ಗಂಟೆ. ಬುಪ್ಯೊಂಗ್ ಮೆಟ್ರೋ ಸ್ಟೇಷನ್ನಿನ ನೆಲದಡಿಯ ಮಾರ್ಕೆಟ್. ಒಡೆದ ಸ್ಕ್ರೀನುಗಳನ್ನು ಮೂಟೆಗಟ್ಟಲೆ ಕೊಳ್ಳುವ ಚಾ ಅಕ್ಕನ ಅಂಗಡಿಯ ಹಿಂದಿನ ಕೋಣೆ. ಚಾ ಅಕ್ಕ ಮೂಲೆಯಲ್ಲಿ ಕುಳಿತು ತನ್ನ ಪಾಡಿಗೆ ಪ್ಯಾನೆಲ್ ವಿಂಗಡಿಸುತ್ತಿದ್ದಳು. ಅವಳ ಹಿಂದಿನ ಗೋಡೆಯ ತುಂಬ ಸ್ಕ್ರೀನುಗಳು ಬೂದು ಬಣ್ಣದಲ್ಲಿ ಉರಿಯುತ್ತಿದ್ದವು.

ನಾನು ಯಾರೆಂದು ನಿಮಗೆ ಗೊತ್ತು. ಗು ಬ್ಯೊಂಗ್‌ಹುನ್. ಒಂಬತ್ತು ವರ್ಷ ನಿಮ್ಮ ಹಾಗೆ ಪೊಲೀಸ್. ಆಮೇಲೆ ಹನ್ನೊಂದು ವರ್ಷ ದಲ್ಬಿತ್‌ನ ತಲೆನೋವುಗಳನ್ನು ಇಲ್ಲವಾಗಿಸುವವನು. ಬಾಯಿಬಿಡುವವರ ಮನೆಯೆದುರು ಕಾರು ನಿಲ್ಲಿಸಿಕೊಂಡು ಕೂರುವುದೇ ನನ್ನ ಕೆಲಸ. ಮುಟ್ಟುವುದಿಲ್ಲ, ಬೈಯುವುದಿಲ್ಲ. ಸುಮ್ಮನೆ ಕೂರುತ್ತೇನೆ... ಮೂರನೇ ದಿನಕ್ಕೆ ಎಂಥವರೂ ಮೆತ್ತಗಾಗುತ್ತಾರೆ.

ಬಾಂಗ್ ಯುನ್‌ಸಲ್ ಮೆತ್ತಗಾಗಲಿಲ್ಲ.

ಅವಳು ದಲ್ಬಿತ್‌ನ ಟೆಸ್ಟ್ ಇಂಜಿನಿಯರ್. ವಯಸ್ಸು ಮೂವತ್ತೊಂದು. ಹೊಸ ಸ್ಕ್ರೀನುಗಳನ್ನು ಸಾವಿರಾರು ಗಂಟೆ ಒಂದೇ ಚಿತ್ರ ತೋರಿಸುತ್ತ ಉರಿಸುವುದು, ಆಮೇಲೆ ಪರದೆಯನ್ನು ಬರೀ ಬೂದು ಮಾಡಿ ಹಳೆಯ ಚಿತ್ರದ ನೆರಳು ಉಳಿದಿದೆಯೇ ಎಂದು ನೋಡುವುದು. ಉಳಿದಿತ್ತು! ಇವಳು ಹಾಗೆಂದೇ ಬರೆದಳು.

ಆದರೆ ಊರಿನ ತುಂಬ ದಲ್ಬಿತ್‌ನ ಜಾಹೀರಾತು ಆಗಲೇ ಅಂಟಿತ್ತು. 'ಎಷ್ಟು ಉರಿದರೂ ನೆರಳುಳಿಯದು!' ಎದುರಾಳಿ ಹನೂಲ್ ಕಂಪನಿ ಅದರ ಪಕ್ಕದಲ್ಲೇ ಅಂಟಿಸಿತ್ತು. 'ನಮ್ಮ ಪರದೆಯಲ್ಲಿ ನಿನ್ನೆಯ ದೆವ್ವಗಳಿಲ್ಲ!'

ವ್ಯತ್ಯಾಸ ಇಷ್ಟೇ ಸಾರ್. ದಲ್ಬಿತ್‌ನದು ಓಎಲ್‌ಇಡಿ. ಅದರಲ್ಲಿ ಪ್ರತಿ ಚುಕ್ಕೆಯೂ ಒಂದು ಪುಟ್ಟ ದೀಪ. ಆರಿಸಿದರೆ ಕಗ್ಗತ್ತಲು, ಅದಕ್ಕೇ ಅಷ್ಟು ಚೆಂದ. ಆದರೆ ಹೆಚ್ಚು ಉರಿದ ದೀಪ ಬೇಗ ಸೋಲುತ್ತದೆ. ಹನೂಲ್‌ನದು ಎಲ್‌ಸಿಡಿ. ಹಿಂದೆ ಒಂದೇ ಬೆಳಕು, ಮುಂದೆ ತೆರೆದು ಮುಚ್ಚುವ ಸಾವಿರಾರು ಕಿಟಕಿಗಳು. ಸೋಲುವುದು ಕಡಿಮೆ, ಆದರೆ ಪೂರ್ತಿ ಕಪ್ಪಾಗುವುದೂ ಇಲ್ಲ. ಎರಡಕ್ಕೂ ಒಂದೊಂದು ಊನ. ಎರಡು ಕಂಪನಿಗಳೂ ತಮ್ಮದನ್ನು ಮುಚ್ಚಿ ಪಕ್ಕದವರದನ್ನು ಸಾರುತ್ತಿದ್ದವು.

ತಾಕ್ ಅವಳ ಅಂಕಿಗಳನ್ನು ತಿದ್ದಿಸಿದ. ಅವಳು ಜಗಳಕ್ಕೆ ನಿಂತಳು. 'ಹನೂಲ್‌ಗೆ ಮಾರಲು ಇವಳೇ ಸುಳ್ಳು ಅಂಕಿ ಸೃಷ್ಟಿಸಿದ್ದಾಳೆ' ಎಂದು ಕಂಪನಿ ಅವಳ ಮೇಲೆಯೇ ವಿಚಾರಣೆ ಕೂರಿಸಿತು.

ನಾಲ್ಕು ದಿನ ನಾನು ಅವಳ ಮನೆಯೆದುರು ಕುಳಿತಿದ್ದೆ.

ಐದನೇ ದಿನ ಬೆಳಿಗ್ಗೆ ಅವಳೇ ಬಂದು ನನ್ನ ಕಾರಿನ ಕಿಟಕಿ ತಟ್ಟಿದಳು. ಕಣ್ಣು ಕೆಂಪಾಗಿತ್ತು. ಕೈಯಲ್ಲಿ ಎರಡು ಬಾಳೆಹಣ್ಣಿನ ಹಾಲಿನ ಬಾಟಲಿ. ಒಂದನ್ನು ನನಗೆ ಕೊಟ್ಟಳು.

"ನಿಮಗೂ ನಿದ್ದೆ ಇಲ್ಲ ಅಲ್ವಾ ಸಾರ್?"

"ತಿದ್ದಿದ ಅಂಕಿಗೆ ಸಹಿ ಹಾಕ್ಬಿಡಮ್ಮ. ಇಬ್ರೂ ಮಲಗೋಣ."

"ನಿಮ್ಮವ್ರು ಏನು ಬೇಕಾದ್ರೂ ಅಳಿಸ್ಲಿ ಸಾರ್. ಉಳಿಯೋದು ಉಳಿಯತ್ತೆ... ಟೆಸ್ಟ್ ಮಾಡಿ ನೋಡಿದೀನಿ."

ವಿಚಾರಣೆಗೆ ಹೊರಟವಳ ಕಾರು ಹೆದ್ದಾರಿಯ ತಡೆಗೋಡೆಗೆ ಗುದ್ದಿತು. ಆಸ್ಪತ್ರೆಯಲ್ಲಿ ಸತ್ತಳು. ನಿದ್ದೆಯ ಮಂಪರು ಎಂದರು ಡಾಕ್ಟರು. ಆ ನಿದ್ದೆ ಕದ್ದವನು ನಾನು!

ಅವಳ ಫೋನು ಆಸ್ಪತ್ರೆಯಿಂದ ನನ್ನ ಕೈಗೆ ಬಂತು. ಗಾಜು ಸೀಳಿತ್ತು. ಕಂಪನಿ ಎಲ್ಲೋ ಕುಳಿತು ಒಂದು ಗುಂಡಿ ಒತ್ತಿ ಒಳಗಿದ್ದುದನ್ನೆಲ್ಲ ಒರೆಸಿ ಹಾಕಿತು. 'ಅಪ್ಪನಿಗೆ ಕೊಟ್ಟು ಬಾ' ಎಂದ ತಾಕ್. ಕಾರಿನಲ್ಲಿ ಒಮ್ಮೆ ಆನ್ ಮಾಡಿದೆ. ಖಾಲಿ ಬಿಳಿ ಪರದೆ... ಅದರಾಚೆ ಏನೋ ಇತ್ತು. ಮಸುಕಾದ ಗೆರೆಗಳು. ಅಕ್ಷರಗಳ ಹಾಗೆ ಸಾಲುಗಟ್ಟಿದ ನೆರಳು.

ದೆವ್ವ ಎಂದುಕೊಂಡೆ. ನಗಬೇಡಿ ಸಾರ್. ಅವಳಪ್ಪನಿಗೆ ಮುಖ ತೋರಿಸದೆ ಫೋನನ್ನು ಅಂಗಡಿಯ ಬಾಗಿಲಲ್ಲಿಟ್ಟು ಬಂದೆ.

ಆಮೇಲೆ ಯಾವ ಫೋನಿನ ಪರದೆ ಆರಿದರೂ ಕಪ್ಪು ಗಾಜಿನಲ್ಲಿ ಅವಳೇ ಕಾಣುತ್ತಿದ್ದಳು, ಕೆಂಪು ಕಣ್ಣು, ಕೈಯಲ್ಲಿ ಹಾಲಿನ ಬಾಟಲಿ. ನಾನು ಫೋನು ಮಗುಚಿಡುವುದನ್ನು ಕಲಿತೆ. ಹೆದರಿದ್ದೆ, ಬಹಳ ಹೆದರಿದ್ದೆ. ಅವಳು ಸತ್ತ ನಲವತ್ತೆಂಟನೇ ದಿನ ಮೆಟ್ರೋ ಕಂಬದ ಮೇಲೆ ಹನೂಲ್‌ನ ಜಾಹೀರಾತು ಮತ್ತೆ ಕಣ್ಣಿಗೆ ಬಿತ್ತು. ನಿನ್ನೆಯ ದೆವ್ವಗಳಿಲ್ಲ...

ಆಗ ಹೊಳೆಯಿತು! ಅದು ದೆವ್ವವಲ್ಲ. ನೆರಳು!

ದಲ್ಬಿತ್‌ನಲ್ಲಿ ಪ್ರತಿ ಕಾಗದವೂ ಮೇಲಿನವರ ಮೊಹರಿಗಾಗಿ ಕಂಪನಿಯ ಆ್ಯಪ್‌ನಲ್ಲಿ ಸುತ್ತುತ್ತದೆ. ಟೆಸ್ಟ್ ಯಾರದೋ ಅವರಿಗೆ ತಾನೇ ತಾನಾಗಿ ಒಂದು ಪ್ರತಿ ಹೋಗುತ್ತದೆ. ಅಂಕಿ ತಿದ್ದುವ ತೀರ್ಮಾನದ ಹಾಳೆಯೂ ಹಾಗೆ ಅವಳಿಗೆ ಹೋಗಿತ್ತು! ತಾಕ್ ಅದನ್ನು ಯೋಚಿಸಿರಲೇ ಇಲ್ಲ. ಆದರೆ ಆ ಆ್ಯಪ್ ಫ್ಯಾಕ್ಟರಿಯ ಗೇಟಿನಾಚೆ ತೆರೆಯುವುದಿಲ್ಲ. ಸ್ಕ್ರೀನ್‌ಶಾಟ್ ಬರುವುದಿಲ್ಲ. ಗೇಟಿನಲ್ಲೇ ಎಲ್ಲರ ಫೋನಿನ ಕ್ಯಾಮರಾಗೂ ಸ್ಟಿಕ್ಕರ್ ಅಂಟಿಸುತ್ತಾರೆ. ಫೋಟೊ ತೆಗೆಯಲು ದಾರಿಯೇ ಇಲ್ಲ.

ಅವಳು ಆ ಹಾಳೆಯನ್ನು ತೆರೆದು, ಬೆಳಕು ಪೂರ್ತಿ ಏರಿಸಿ, ಚಾರ್ಜರ್ ಹಾಕಿ, ಫೋನನ್ನು ತನ್ನ ಲಾಕರಿನಲ್ಲಿ ಇಟ್ಟುಬಿಟ್ಟಳು. ವಾರಗಟ್ಟಲೆ! ಕಂಪನಿಯ ಸ್ಕ್ರೀನಿನ ಮೇಲೆ ತಾನೇ ಕೊನೆಯ ಟೆಸ್ಟ್ ಮಾಡಿದಳು.

ಅವಳಪ್ಪನ ಅಂಗಡಿಗೆ ಓಡಿದೆ. ಬಾಂಗ್ ಮಾನ್‌ಸಿಕ್. ನಲವತ್ತು ವರ್ಷದಿಂದ ರೇಡಿಯೊ, ಟಿವಿ, ಈಗ ಫೋನ್ ರಿಪೇರಿ ಮಾಡುವ ಮುದುಕ. ಮಗಳ ಫೋನು ಅವಳ ಭಾವಚಿತ್ರದ ಮುಂದಿತ್ತು. ಫಳಫಳ ಹೊಳೆಯುತ್ತಿತ್ತು.

"ಸ್ಕ್ರೀನ್... ಬದಲಾಯ್ಸಿದ್ರಾ ಯಜಮಾನ್ರೆ?"

"ಮತ್ತೆ? ರಿಪೇರಿಯವನ ಮಗಳ ಫೋನು ಒಡೆದಿದ್ರೆ ನೋಡ್ದವ್ರು ಏನಂತಾರೆ? ನಾಳೆ ನಲವತ್ತೊಂಬತ್ತನೇ ದಿನ, ಗುಡೀಲಿ ಪೂಜೆ. ಅವಳ ಜೀವ ಈ ಲೋಕ ಬಿಟ್ಟು ಹೊರಡೋ ದಿನ." ಮುದುಕ ಕನ್ನಡಕ ತೆಗೆದು ಒರೆಸಿದ. "ಕಳ್ಳಿ ಅನ್ನೋ ಹೆಸರು ಹೊತ್ಕೊಂಡು ಹೋಗ್ತಾಳೆ ನನ್ನ ಕೂಸು. ಆಫೀಸಿನವ್ರು ಒಬ್ರೂ ಮಣ್ಣಿಗೆ ಬರ್ಲಿಲ್ಲ."

"ಹಳೇ ಪ್ಯಾನೆಲ್ ಎಲ್ಲಿ?"

"ಚಾ ಅಕ್ಕನ ಮೂಟೆಗೆ ಹಾಕ್ದೆ. ಯಾಕೆ? ನೀನ್ಯಾರಪ್ಪ?"

ಅಂಗಡಿಯಿಂದ ಹೊರಗೆ ನಡೆದೆ. ಹೆಸರು ಹೇಳುವ ಧೈರ್ಯ ಆಗ ಇರಲಿಲ್ಲ.

ಮರುದಿನ ಬೆಳಿಗ್ಗೆ ಚಾ ಅಕ್ಕನ ಗೋಡೆಯ ಮುಂದೆ ನಿಂತೆ. ನೆರಳುಳಿದ ಸ್ಕ್ರೀನುಗಳನ್ನು ಅವಳು ಬೇರೆ ಬುಟ್ಟಿಗೆ ಹಾಕುತ್ತಾಳೆ, ಒಂದೊಂದನ್ನೂ ಟೆಸ್ಟರಿಗೆ ಸಿಕ್ಕಿಸಿ ಬೂದು ಬೆಳಕಿನಲ್ಲಿ ನೋಡುತ್ತಾಳೆ. ಒಂದರಲ್ಲಿ ಯಾವನೋ ಟ್ಯಾಕ್ಸಿ ಡ್ರೈವರನ ಮ್ಯಾಪು. ಒಂದರಲ್ಲಿ ಸ್ಟೇಷನ್ನಿನ ವೇಳಾಪಟ್ಟಿ. ಒಂದರಲ್ಲಿ ಮಗುವಿನ ಕೆನ್ನೆ. ಅಷ್ಟೊಂದು ಜನರ ದಿನಗಳು ಸಾರ್, ಉರಿದು ಉರಿದು ಅಂಟಿಕೊಂಡಿದ್ದವು. ಕೆಳಗಿನ ಸಾಲಿನಲ್ಲಿ ನಮ್ಮ ಹಾಳೆಯಿತ್ತು. ಅವಳ ನಿಜವಾದ ಅಂಕಿಗಳು. 'ಬದಲಾಯಿಸತಕ್ಕದ್ದು' ಎಂಬ ಸಾಲು. ಪಕ್ಕದಲ್ಲಿ ತಾಕ್ ಜೇಗ್ಯುವಿನ ಮೊಹರು, ತಾರೀಖು.

ಕೆಳಗೆ ಇನ್ನೊಂದು ಸಾಲು. ಎರಡೆರಡು ಸಲ ಓದಿದೆ.

ಅಷ್ಟರಲ್ಲಿ ತಾಕ್ ಬಂದ; ಚಾ ಅಕ್ಕ ಆ ಸ್ಕ್ರೀನನ್ನು ಮೆಲ್ಲಗೆ ಕಳಚಿಕೊಂಡಳು. ನನ್ನ ಜೇಬಿನಲ್ಲಿ ಕಂಪನಿಯ ಫೋನು! ಮುದುಕನ ಅಂಗಡಿಯ ಮಾತನ್ನೂ ಅದು ಕದ್ದು ಕೇಳಿತ್ತು. ಹನ್ನೊಂದು ವರ್ಷ ಬೇರೆಯವರ ಜಾಡು ಹಿಡಿದವನು ನನ್ನ ಜಾಡು ಮರೆತಿದ್ದೆ.

ಹಾಗೆ ಹೀಟ್ ಪ್ಲೇಟಿಗೆ ಬಂದೆವು.

"ಲೋ ಪೆದ್ದ, ಅದ್ರಲ್ಲಿ ನಿನ್ನ ಹೆಸ್ರೂ ಇದೆ ಕಣೋ!" ತಾಕ್ ಪಿಸುಗುಟ್ಟಿದ. "'ತಕರಾರು ಮಾಡುವ ಉದ್ಯೋಗಿಯನ್ನು ಸುಮ್ಮನಾಗಿಸುವ ಹೊಣೆ: ಗು ಬ್ಯೊಂಗ್‌ಹುನ್.' ನಾನೇ ಬರ್ಸಿದ್ದು. ನಾನು ಮುಳುಗಿದ್ರೆ ನೀನು ತೇಲ್ತೀಯಾ? ಕೊಡು. ಇಬ್ರೂ ಬದುಕ್ತೀವಿ."

ಅವನು ಹೇಳಿದ್ದು ನಿಜ. ಕೊಟ್ಟುಬಿಡಬೇಕು ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ಬರೆದುಕೊಳ್ಳಿ.

ಬಾಗಿಲು ಧಡ್ ಎಂದು ತೆರೆಯಿತು.

ಓಕ್ ಹೇರ್ಯೊಂಗ್. ಹನೂಲ್‌ನ ಜಾಹೀರಾತು ವಿಭಾಗದ ಮುಖ್ಯಸ್ಥೆ. ಹಿಂದೆ ಒಬ್ಬ ಲಾಯರು, ಒಬ್ಬ ಕ್ಯಾಮರಾದವನು. ಹಿಂದಿನ ಸಂಜೆ ನಾನೇ ಕರೆದಿದ್ದೆ. ನಂಬಿಕೆಯಿಂದಲ್ಲ, ಯಾರಾದರೂ ಅಡ್ಡ ನಿಲ್ಲಲಿ ಎಂದು. ಹತ್ತು ನಿಮಿಷ ತಡವಾಗಿ ಬಂದಳು, ಮಾರಾಯ್ತಿ!

"ಅಯ್ಯೋ ತಾಕ್ ಅವ್ರೇ, ಗುಣಮಟ್ಟ ವಿಭಾಗ ಅಂದ್ರೆ ಇದೇನಾ?"

"ನಿಮಗೇನ್ರೀ ಇಲ್ಲಿ ಕೆಲ್ಸ?"

"ಗು ಅವ್ರೇ, ಆ ಪ್ಯಾನೆಲ್ ನಮಗೆ ಕೊಡಿ. ನಾಳೆನೇ ಊರಿಗೆಲ್ಲ ತೋರಿಸ್ತೀವಿ."

"ಹುಡುಗಿ ಹೆಸರು?" ಎಂದೆ.

"ಹೆಸರುಗಳನ್ನೆಲ್ಲ ಮಸುಕು ಮಾಡ್ತೀವಿ. ಕಾನೂನಿನ ರಗಳೆ ಬೇಡ. ನಮಗೆ ದೆವ್ವ ಒಂದು ಸಾಕು."

ಇವಳಿಗೂ ಯುನ್‌ಸಲ್ ಬೇಕಿರಲಿಲ್ಲ. ಅಲ್ಲಿಗೆ ನನ್ನ ತೀರ್ಮಾನವಾಯಿತು.

"ದೆವ್ವ ಅಂತೆ!" ತಾಕ್ ಎದ್ದು ನಿಂತ. "ನಿಮ್ಮ ಕಪ್ಪು ಯಾವತ್ತಾದ್ರೂ ಕಪ್ಪಾಗಿದ್ಯಾ ಮೇಡಂ? ಬೂದಿ ಬಳಿದ ಹಾಗಿರತ್ತೆ!"

"ಬೂದಿನೇ ಇರ್ಲಿ. ನಿಮ್ಮ ನೀಲಿ ದೀಪದ ಹಾಗೆ ಮೂರೇ ವರ್ಷಕ್ಕೆ ಮುದಿಯಾಗಲ್ಲ."

"ಸುಳ್ಳು! ನೀವು ಹೋಲ್ಸಿದ್ದು ನಮ್ಮ ಹಳೇ ಮಾಡೆಲ್ ಜೊತೆ!"

"ನೀವು ಹೇಳೋ ಆ ಹೊಳಪು? ಇಡೀ ಪರದೆನಾ? ಒಂದು ಮೂಲೇಲಿ ಅರ್ಧ ನಿಮಿಷ!"

ನನ್ನ ಕೈ ಹಿಡಿದಿದ್ದ ದಾಂಡಿಗನೂ ತಲೆಯೆತ್ತಿದ. "ಆದ್ರೂ ಮೇಡಂ... ಬಿಸಿಲಲ್ಲಿ ನಿಮ್ಮ ಫೋನ್ ಕಾಣ್ಸೋದೇ ಇಲ್ಲ."

ಅಷ್ಟು ಸಾಕಾಗಿತ್ತು!

ತಲೆಯಿಂದ ಅವನ ಮೂಗಿಗೆ ಗುದ್ದಿದೆ. ಇನ್ನೊಬ್ಬ ಕೈ ಒತ್ತಿದ. ಚುರ್ರ್! ಕಣ್ಣ ಮುಂದೆ ಬೆಳ್ಳಗಾಯಿತು. ಎಡಗೈಗೆ ಸಿಕ್ಕ ಸ್ಟೂಲು ಬೀಸಿದೆ. ಬಾಗಿಲ ಬಳಿ ಚಾ ಅಕ್ಕ ನನ್ನ ಎದೆಗೆ ಒಂದು ರಟ್ಟಿನ ಡಬ್ಬಿ ಒತ್ತಿದಳು.

"ಬುಡದ ಸಾಲಿಂದು. ಮಡಚ್ಬೇಡ, ಕೇಬಲ್ ಹರಿಯತ್ತೆ. ಓಡೋ ತಮ್ಮ!"

ಓಡಿದೆ.

ಆ ಮಾರ್ಕೆಟ್ಟಿಗೆ ಮೂವತ್ತು ಚಿಲ್ಲರೆ ಬಾಗಿಲು. ಅಲ್ಲೇ ಹುಟ್ಟಿ ಬೆಳೆದವರೂ ದಾರಿ ತಪ್ಪುತ್ತಾರೆ. ಹಿಂದೆ ಬೂಟಿನ ಸದ್ದು. ಬಟ್ಟೆ ಸಾಲು, ಚಪ್ಪಲಿ ಸಾಲು... "ಹಿಡೀರಿ ಅವನ್ನ!" ಕಾಲುಚೀಲ ಆರಿಸುತ್ತಿದ್ದ ಒಬ್ಬ ದಪ್ಪ ಹೆಂಗಸಿನ ಚೀಲಕ್ಕೆ ಕಂಪನಿಯ ಫೋನು ಹಾಕಿ ಎಡಕ್ಕೆ ತಿರುಗಿದೆ. ಅವರು ಬಲಕ್ಕೆ ಹೋದರು. ಆಮೇಲೆ ಕೇಳಿದೆ, ಆ ಹೆಂಗಸು ಕೊಡೆಯಿಂದ ಇಬ್ಬರಿಗೂ ಚೆನ್ನಾಗಿ ಬಾರಿಸಿದಳಂತೆ.

ಗುಡಿ ತಲುಪಿದಾಗ ಒಂದು ಗಂಟೆ. ಭಿಕ್ಷುವಿನ ಮರದ ತಾಳ ಟಕ್ ಟಕ್ ಎನ್ನುತ್ತಿತ್ತು. ಅನ್ನ, ಹಣ್ಣು, ಒಂದು ಬಾಟಲಿ ಬಾಳೆಹಣ್ಣಿನ ಹಾಲು. ಭಾವಚಿತ್ರದಲ್ಲಿ ಯುನ್‌ಸಲ್ ನಗುತ್ತಿದ್ದಳು. ಹತ್ತು ಹನ್ನೆರಡು ಮಂದಿ ನೆಂಟರು. ಹಿಂದೆ, ಬಾಗಿಲಿಗೆ ಅಂಟಿಕೊಂಡು, ಅವಳ ಜೊತೆ ಕೆಲಸ ಮಾಡಿದ ಇಬ್ಬರು. ಕದ್ದು ಬಂದಿದ್ದರು.

ಡಬ್ಬಿಯನ್ನು ಮುದುಕನ ಕೈಗಿಟ್ಟೆ. "ಇದನ್ನ ಮತ್ತೆ ಹಾಕಿ ಯಜಮಾನ್ರೆ. ಅವಳು ಹೋಗೋ ಮುಂಚೆ."

ಅವನು ಕೋಟಿನ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಮಗಳ ಪೂಜೆಯಲ್ಲೂ ಅದು ಜೇಬಿನಲ್ಲೇ ಇತ್ತು! ಹೊಸ ಸ್ಕ್ರೀನ್ ಬಿಚ್ಚಿ, ಸೀಳಿದ ಹಳೆಯದನ್ನು ಸಿಕ್ಕಿಸಿ, ಪರದೆಯನ್ನು ಬೂದು ಮಾಡಿದ.

ಅಕ್ಷರಗಳು ಎದ್ದು ಬಂದವು.

ತಾಳ ನಿಂತಿತು. ಮುದುಕ ಬೆರಳಿಟ್ಟು ಜೋರಾಗಿ ಓದಿದ. ಅಂಕಿ... ಬದಲಾಯಿಸತಕ್ಕದ್ದು... ಮೊಹರು. ಹಿಂದಿದ್ದ ಇಬ್ಬರಲ್ಲಿ ಒಬ್ಬಳು ಗೊಳೋ ಎಂದು ಅತ್ತಳು. "ಅವಳದೇ ಅಂಕಿ! ಅವಳು ಬರ್ದಿದ್ದು ಇದನ್ನೇ!"

"ನನ್ನ ಮಗಳು ಕಳ್ಳಿ ಅಲ್ಲ," ಎಂದ ಮುದುಕ, ಎಲ್ಲರ ಕಡೆ ತಿರುಗಿ. ಮತ್ತೆ ಮತ್ತೆ ಎಂದ. "ಕಳ್ಳಿ ಅಲ್ಲ!"

ಆಮೇಲೆ ಕೊನೆಯ ಸಾಲಿಗೆ ಬಂದ. ಓದಿದ. ತಲೆಯೆತ್ತಿದ.

"ಈ ಗು ಬ್ಯೊಂಗ್‌ಹುನ್ ಯಾರು?"

ನೆಲದ ಮೇಲೆ ಮಂಡಿಯೂರಿದೆ. "ನಾನೇ ಯಜಮಾನ್ರೆ. ನಾಲ್ಕು ದಿನ ಅವಳಿಗೆ ನಿದ್ದೆ ಮಾಡೋಕೆ ಬಿಡ್ಲಿಲ್ಲ."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವನು ನನ್ನ ಬಲಗೈ ಹಿಡಿದು ಮಗುಚಿದ. ಬೊಬ್ಬೆಯೆದ್ದ ಅಂಗೈ. ಇನ್ನೊಂದು ಜೇಬಿನಿಂದ ಸುಟ್ಟಗಾಯದ ಮುಲಾಮು ತೆಗೆದು ಹಚ್ಚಿದ. ರಿಪೇರಿಯವರ ಜೇಬಿನಲ್ಲಿ ಅದೂ ಇರುತ್ತದೆ.

"ಪೊಲೀಸ್ ಸ್ಟೇಷನ್ನಿಗೆ ನೀನೇ ಹೋಗ್ತೀಯಾ," ಎಂದ, "ನಾನು ಕರ್ಕೊಂಡು ಹೋಗ್ಲಾ?"

ನಾನೇ ಬಂದೆ. ಪ್ಯಾನೆಲ್ ನಿಮ್ಮ ಮೇಜಿನ ಮೇಲಿದೆ. ಎಲ್ಲಿ ಸಹಿ ಹಾಕಲಿ? ಎಡಗೈ ಸಹಿ, ಸೊಟ್ಟಗಿರುತ್ತದೆ.

ಹೊರಗೆ ತಾಕ್‌ನ ಲಾಯರು ಕಾಯುತ್ತಿದ್ದಾನೆ, ಓಕ್ ಮೇಡಂ ಕ್ಯಾಮರಾ ಹಿಡಿಸಿಕೊಂಡು ನಿಂತಿದ್ದಾಳೆ. ನಿಲ್ಲಲಿ ಬಿಡಿ.

ಒಂದು ಮಾತು ಸಾರ್. ನೀವು ನನ್ನ ಹೇಳಿಕೆ ಬರೆಯುತ್ತಿರುವ ಆ ಟ್ಯಾಬ್ ದಲ್ಬಿತ್‌ನದೇ... ನನ್ನ ಹೆಸರಿರುವ ಪುಟವನ್ನು ಬಹಳ ಹೊತ್ತು ತೆರೆದಿಡಬೇಡಿ!